ಎಣಿಕೆಗೆ ಸಿಗದವಳು

ನೊರೆ ಏಳುತ್ತಿದೆ, ಹಸಿರು ಕಳೆದು ಹಳದಿಗೆ ತಿರುಗಿದ ನೊರೆ, ತೆಗೆದಷ್ಟೂ ಏಳುತ್ತದೆ, ತೆಗೆಯದೆ ಬಿಟ್ಟರೆ ಪಾಕಕ್ಕೆ ಕಹಿ ಇಳಿಯುತ್ತದೆ — ಡೆಲ್ಮರ್ ಉದ್ದ ಹಿಡಿಯ ಜಾಲರಿ ಸೌಟನ್ನು ಕೊಪ್ಪರಿಗೆಯ ಈ ಅಂಚಿನಿಂದ ಆ ಅಂಚಿಗೆ ಎಳೆದು ಪಕ್ಕದ ಗುಂಡಿಗೆ ಕೊಡವಿದ, ಮತ್ತೆ ಎಳೆದ, ಹಬೆ ಮುಖಕ್ಕೆ ಹೊಡೆಯಿತು, ಸಿಹಿಜೋಳದ ದಂಟಿನ ಹಸಿ ವಾಸನೆ ಹೋಗಿ ಬೆಲ್ಲದ ವಾಸನೆ ಹತ್ತುತ್ತಿದೆ, ಇನ್ನೊಂದು ತಾಸು, ಅಲ್ಲಿಯವರೆಗೆ ಇದನ್ನು ಬಿಟ್ಟು ಕದಲುವಂತಿಲ್ಲ, ಕದಲಿದರೆ ತಳ ಹಿಡಿಯುತ್ತದೆ, ವರ್ಷದ ಬೆಳೆ ಒಂದು ಗಳಿಗೆಯಲ್ಲಿ ಇದ್ದಿಲು — ಗೇಟಿನ ಹತ್ತಿರ ಧೂಳು. ಬಿಳಿ ವ್ಯಾನು, ಮಗ್ಗುಲಲ್ಲಿ ಬ್ರೆಡ್ಡಿನ ಚಿತ್ರ, ಪೇಟೆಯ ಬೇಕರಿಯ ನೋಲಾಳದು, ಗೇಟಿಗೆ ಮೊಳೆ ಹೊಡೆದ ಹಲಗೆಯನ್ನು ಓದಿಕೊಂಡು ಅಲ್ಲೇ ನಿಂತಿದೆ — ಇದು ಸ್ವಂತ ನೆಲ, ಕರೆಯದೆ ಒಳಗೆ ಬರಬೇಡಿ — ಅಷ್ಟು ಮರ್ಯಾದೆ ಬಲ್ಲ ಹೆಂಗಸು, ಅವಳನ್ನು ಕಂಡರಾಗದಿದ್ದರೂ ಅದನ್ನು ಮಾತ್ರ ಅವನು ಒಪ್ಪುತ್ತಾನೆ. ಈಚೆ ಬಾಗಿಲು ತೆರೆಯಿತು, ಇಳಿದವಳು ಗಂಡುಹುಡುಗನಂತೆ ಕೂದಲು ಕತ್ತರಿಸಿಕೊಂಡ ಯಾರೋ ಹುಡುಗಿ, ಯಾರಪ್ಪ ಇವಳು ಎಂದುಕೊಳ್ಳುವಷ್ಟರಲ್ಲಿ ನಡಿಗೆ ಗುರುತು ಹತ್ತಿತು, ಎಡಗಾಲನ್ನು ಚೂರು ಹೊರಕ್ಕೆ ಚೆಲ್ಲಿ ಇಡುವ ನಡಿಗೆ, ಆರ್ಡಿತ್‌ಳದು, ಸತ್ತ ಹೆಂಡತಿಯ ನಡಿಗೆ ಮಗಳ ಕಾಲಿನಲ್ಲಿ ಬರುತ್ತಿದೆ. ತಿರ್ಜಾ. ಫೆಬ್ರವರಿಯಲ್ಲಿ ಹೋದವಳು, ಒಂದು ಚೀಲ, ಅಮ್ಮನ ಕೋಟು, ಹಿಮದ ಮೇಲೆ ಹೆಜ್ಜೆ, ಆ ಹೆಜ್ಜೆಗಳನ್ನು ಅವನು ಗೇಟಿನವರೆಗೆ ನೋಡುತ್ತ ಹೋಗಿದ್ದ, ಗೇಟಿನಾಚೆಯವು ಅವನವಲ್ಲ. ತಡೆಯಲಿಲ್ಲ. ಅವನು ಯಾರನ್ನೂ ತಡೆದವನಲ್ಲ, ಈ ಮಾತನ್ನು ದೇವರ ಮುಂದೆ ನಿಂತೂ ಹೇಳಬಲ್ಲ.

ಅಪ್ಪಾ, ಅಂದಳು, ಹಬೆಯ ಆಚೆ ಬದಿಗೆ ನಿಂತು, ಪಾಕ ಚೆನ್ನಾಗಿ ಬರ್ತಿದೆ. ಈ ಸಲ ಮಳೆ ಕಮ್ಮಿ, ಸಿಹಿ ಜಾಸ್ತಿ, ಅಂದ ಅವನು, ಎಂಟು ತಿಂಗಳ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಇದು, ಸರಿಯಾದ ಮಾತೇ, ಸುಳ್ಳಿಲ್ಲ. ಹೇಸರಗತ್ತೆ ಗಾಣದ ಪಕ್ಕದಲ್ಲಿ ನಿಂತು ಹಿಂಡಿದ ದಂಟು ಮೇಯುತ್ತಿತ್ತು, ಅವಳನ್ನು ಕಂಡು ಕಿವಿ ನಿಗುರಿಸಿತು, ಪ್ರಾಣಿಗೆ ಮರೆವಿಲ್ಲ. ಅವನು ಒಂದು ದಂಟಿನ ತುಂಡನ್ನು ಪಾಕದಲ್ಲಿ ಅದ್ದಿ ಚಾಚಿದ, ಚಿಕ್ಕವಳಿದ್ದಾಗ ಇದಕ್ಕಾಗಿ ಬೆಳಗಿನಿಂದ ಕಾದು ನಿಲ್ಲುತ್ತಿದ್ದಳು, ಗಲ್ಲದ ಮೇಲೆಲ್ಲ ಅಂಟು, ಆರ್ಡಿತ್ ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆ — ತಿರ್ಜಾ ತೆಗೆದುಕೊಂಡಳು, ನೆಕ್ಕಲಿಲ್ಲ, ಆಮೇಲೆ ತಿಂತೀನಿ ಅಂದಳು, ಎಡಗೈಯಲ್ಲಿ ಹಿಡಿದೇ ನಿಂತಳು. ಮುಂಗೈ ಮೇಲೆ ಉದ್ದುದ್ದ ಸುಟ್ಟ ಗೆರೆ, ಮೂರು, ನಾಲ್ಕು, ಒಲೆಯ ಬಾಯಿಗೆ ಕೈ ಹಾಕುವವರ ಗೆರೆ. ಪ್ರವಾದಿ ಸಮುವೇಲ ಹೇಳಿದ್ದು ಇದನ್ನೇ ಅಲ್ಲವೇ, ಅರಸ ಬೇಕು ಅರಸ ಬೇಕು ಎಂದು ಹಟ ಹಿಡಿದ ಜನಕ್ಕೆ ಆ ಮುದುಕ ಹೇಳಿದ, ನಿಮ್ಮ ಗಂಡುಮಕ್ಕಳನ್ನು ರಥಕ್ಕೆ ಕಟ್ಟುತ್ತಾನೆ, ಹೆಣ್ಣುಮಕ್ಕಳನ್ನು ಅಡಿಗೆಗೆ, ರೊಟ್ಟಿ ಸುಡುವುದಕ್ಕೆ ಒಯ್ಯುತ್ತಾನೆ. ಅವಳು ಹೋದ ಮುಂದಿನ ಭಾನುವಾರ ಮನೆಯ ಪ್ರಾರ್ಥನೆಯ ಕೂಟದಲ್ಲಿ ಅವನು ಓದಿದ್ದು ಇದೇ ಭಾಗ, ಬೇಕೆಂದೇ, ಎಂಟು ಸಂಸಾರ ಬೆಂಚುಗಳ ಮೇಲೆ ಕೂತು ಕೇಳಿದವು, ರೊಟ್ಟಿ ಸುಡುವ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು, ಅವನ ದನಿ ಮಾತ್ರ ನಡುಗಲಿಲ್ಲ, ನಡುಗದ್ದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಆಮೇಲೆ ಆ ಹೆಮ್ಮೆಯನ್ನು ಪಾಪವೆಂದು ಒಪ್ಪಿ ಪ್ರಾರ್ಥಿಸಿದ, ಪ್ರಾರ್ಥಿಸಿದ್ದಕ್ಕೂ ಚೂರು ಹೆಮ್ಮೆ.

ಕೈಯಲ್ಲೊಂದು ಕಾಗದ ಅವಳಿಗೆ. ನಾಲ್ಕು ಮಡಿಕೆ. ಅವನು ನೋಡಿಯೂ ನೋಡದವನಂತೆ ನೊರೆ ಎಳೆದ. ಅವಳೇ ಬಿಡಿಸಲಿ, ಅವಳೇ ಬಾಯಿ ಬಿಡಲಿ. ಬಿಟ್ಟಳು, ನಿಧಾನವಾಗಿ, ವ್ಯಾನಿನಲ್ಲಿ ಕೂತು ಉರು ಹೊಡೆದವಳ ಹಾಗೆ — ನೋಲಾಗೆ ಎಪ್ಪತ್ಮೂರಾಯ್ತು, ಮಕ್ಕಳಿಲ್ಲ, ಅಂಗಡೀನ ನನ್ನ ಹೆಸರಿಗೆ ಬರೀತೀನಿ ಅಂತಾಳೆ, ಬರೆಯೋಕೆ ನನಗೆ ಹೆಸರೇ ಇಲ್ವಂತೆ ಅಪ್ಪಾ, ಕಚೇರಿಯವರು ಹೇಳಿದ್ರು, ನಾನು ಹುಟ್ಟಿದ್ದಕ್ಕೆ ಗುರುತೇ ಇಲ್ವಂತೆ. ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ಚುಚ್ಚುಮದ್ದಿಲ್ಲ, ಒಂದು ಚೀಟಿಯಿಲ್ಲ. ಹುಟ್ಟಿದಾಗ ಹತ್ತಿರ ಇದ್ದವರು ಒಬ್ಬರು ಪ್ರಮಾಣ ಮಾಡಿ ಸಹಿ ಹಾಕ್ಬೇಕು, ಅದರ ಜೊತೆ ಹತ್ತು ವರ್ಷಕ್ಕಿಂತ ಹಳೇದು ಏನಾದ್ರೂ ಬರವಣಿಗೆ ಬೇಕು. ಸೂಲಗಿತ್ತಿ ಸತ್ತೋದ್ಲು, ಅಮ್ಮ ಇಲ್ಲ, ಉಳಿದೋನು ನೀನೊಬ್ಬ. ಅಷ್ಟು ಹೇಳಿ ಉಸಿರು ಬಿಟ್ಟಳು. ಹೆಸರಿಲ್ಲ ಅಂತ ಯಾರು ಹೇಳಿದ್ದು, ಹೆಸರಿಟ್ಟವನು ನಾನು, ಅಂದ ಅವನು, ಅಂದಾಗ ಗಂಟಲ ಹತ್ತಿರ ಏನೋ ಬೆಚ್ಚಗೆ ಸರಿದಾಡಿತು, ಅದು ಸಿಟ್ಟೆಂದು ಮೊದಲು ಅಂದುಕೊಂಡ, ಸಿಟ್ಟಲ್ಲ, ಸುಖ — ಎಂಟು ತಿಂಗಳ ಮೇಲೆ ಅವಳಿಗೆ ಅವನಿಂದ ಏನೋ ಬೇಕಾಗಿದೆ.

ತಿರ್ಜಾ ಎಂಬ ಹೆಸರನ್ನು ಅವನು ಎಲ್ಲಿಂದ ತೆಗೆದ, ವೇದಪುಸ್ತಕದಲ್ಲಿ ಅಪ್ಪನ ಆಸ್ತಿ ಕೇಳಲು ಮೋಶೆಯ ಮುಂದೆ ಹೋಗಿ ನಿಂತ ಐವರು ಅಕ್ಕತಂಗಿಯರಲ್ಲಿ ಕಡೆಯವಳು, ಮುದ್ದಾದ ಹೆಸರೆಂದು ಇಟ್ಟಿದ್ದು, ಕೇಳುವವಳ ಹೆಸರೆಂದು ಆಗ ಹೊಳೆದಿರಲಿಲ್ಲ. ಕಾಗದದ ಕೊನೆಯಲ್ಲಿ ಒಂಬತ್ತು ಪುಟ್ಟ ಚೌಕ, ಸಾಲಾಗಿ, ಖಾಲಿ, ಅಲ್ಲಿ ಸರ್ಕಾರ ಕೊಡುವ ಸಂಖ್ಯೆ ಕೂರುತ್ತದೆ. ಸಂಖ್ಯೆ. ಅಜ್ಜಿಯ ಶವಪೆಟ್ಟಿಗೆಯ ಮೇಲೆ ಹದಿನೇಳು ಎಂದಿತ್ತು, ತಗಡಿನ ಬಿಲ್ಲೆ, ತಂತಿಯಲ್ಲಿ ಕಟ್ಟಿದ್ದು — ಆಗ ಅವನಿಗೆ ಒಂಬತ್ತು ವರ್ಷ, ಕಣಿವೆಗೆ ಅಣೆಕಟ್ಟು ಬರುವುದೆಂದು ಗೊತ್ತಾಗಿ ಎರಡು ವರ್ಷ ಅಪ್ಪ ಯಾವ ಕಾಗದಕ್ಕೂ ಕೈ ಹಾಕಿರಲಿಲ್ಲ, ನನ್ನ ನೆಲ ಮಾರಾಟಕ್ಕಿಲ್ಲ ಅಂದಿದ್ದ, ಅಷ್ಟೇ, ಒಂದು ಬೈಗುಳವಿಲ್ಲ, ಒಂದು ಕಲ್ಲೆಸೆದಿಲ್ಲ, ಆಮೇಲೆ ನಾಲ್ವರು ಬಂದರು, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಟೊಪ್ಪಿ, ಬಹಳ ವಿನಯ, ಅಪ್ಪನನ್ನು ಕುರ್ಚಿಯ ಸಮೇತ ಎತ್ತಿ ಜಗಲಿಯಿಂದ ಇಳಿಸಿದರು. ಗೋರಿಗಳನ್ನೂ ಬಿಡಲಿಲ್ಲ, ಅಗೆದರು, ಸಾಲಾಗಿ ಇಟ್ಟರು, ಬಿಲ್ಲೆ ಕಟ್ಟಿದರು, ಇದರಲ್ಲಿ ನಮ್ಮತ್ತೆ ಯಾವುದು ಎಂದು ಅಮ್ಮ ಕೇಳಿದ್ದಕ್ಕೆ ಒಬ್ಬ ಪಟ್ಟಿ ನೋಡಿ ಹದಿನೇಳು ಅಂದ. ಹದಿನೇಳು. ಈಗ ಆ ಮನೆಯ ಮೇಲೆ ಎಂಬತ್ತಡಿ ನೀರು, ಬೇಸಿಗೆಯಲ್ಲಿ ಪೇಟೆಯವರು ಬಣ್ಣದ ದೋಣಿ ಓಡಿಸುತ್ತಾರೆ, ನೆಲ ಹೋದ ಮೇಲೆ ಅಪ್ಪ ಒಂದೇ ವರ್ಷ ಬದುಕಿದ. ಅಂದಿನಿಂದ ಡೆಲ್ಮರ್‌ಗೆ ಒಂದು ಮಾತು ಗೊತ್ತು, ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ: ಸರ್ಕಾರ ಎಷ್ಟೇ ನಗುಮುಖ ಮಾಡಲಿ, ಕೊನೆಗೆ ಅದು ಸೊಂಟದಲ್ಲಿ ಪಿಸ್ತೂಲಿರುವ ಮನುಷ್ಯ, ಮತ್ತು ಅವನು ಮೊದಲು ಕೇಳುವುದು ನಿನ್ನ ಹೆಸರು.

ಕರ್ತನು ಹಾಗಲ್ಲ. ಕರ್ತನು ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ, ಒದ್ದು ತೆರೆಯುವುದಿಲ್ಲ, ಇದನ್ನು ಅವನು ಕೂಟದಲ್ಲಿ ಎಷ್ಟು ಸಲ ಹೇಳಿಲ್ಲ, ಪ್ರೀತಿಯನ್ನು ಹೆದರಿಸಿ ವಸೂಲಿ ಮಾಡಿದರೆ ಅದು ಪ್ರೀತಿಯಲ್ಲ, ದಾನವನ್ನು ಕಿತ್ತುಕೊಂಡರೆ ಅದು ದಾನವಲ್ಲ. ಬರೀ ಬಾಯಿಮಾತೂ ಅಲ್ಲ. ಕೂಟದ ಕ್ಲೆಟಸ್‌ನ ಕೊಟ್ಟಿಗೆ ಸಿಡಿಲಿಗೆ ಸುಟ್ಟುಹೋದಾಗ ಹನ್ನೊಂದು ಗಂಡಸರು ಗುರುವಾರ ಕೈ ಹಚ್ಚಿ ಶನಿವಾರ ಮಾಡು ಹೊದಿಸಿದರು, ಯಾರೂ ಯಾರಿಗೂ ಹೇಳಿಕಳಿಸಲಿಲ್ಲ, ಆರ್ಡಿತ್ ಹಂಡೆಗಟ್ಟಲೆ ಹುರುಳಿ ಬೇಯಿಸಿದಳು, ಜೋಳದ ರೊಟ್ಟಿ, ಸಂಜೆ ಹೊಸ ಮರದ ವಾಸನೆಯಲ್ಲಿ ಎಲ್ಲರೂ ಹಾಡಿದರು, ತಿರ್ಜಾ ತೊಲೆಯ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಿದ್ದಳು, ಸ್ವರ್ಗವೆಂದರೆ ಇದೇ, ಇದಕ್ಕಿಂತ ಬೇರೆ ಏನಿರಲು ಸಾಧ್ಯ ಎಂದು ಅವನಿಗೆ ಅಳು ಬಂದಿತ್ತು, ಅದು ಸುಳ್ಳಲ್ಲ. ಹಾಗೆಯೇ ಅವಳು ಹುಟ್ಟಿದ್ದೂ. ಹಿಂದಿನ ಕೋಣೆ, ಸೀಮೆಎಣ್ಣೆ ದೀಪ, ಸೂಲಗಿತ್ತಿ, ಅವನು. ಆರ್ಡಿತ್ ಬೆವರಿ ಮಲಗಿದ್ದಾಗ ಅವನು ಹೇಳಿದ — ಇವಳನ್ನು ನಾವು ಬರೆಸೋದು ಬೇಡ, ನಾಣ್ಯದ ಮೇಲೆ ದೊರೆ ಕೈಸರನ ಚಿತ್ರ ಇದೆ, ಸರಿ, ಅದು ಅವನಿಗೆ ಹೋಗಲಿ, ಈ ಮಗೂ ಮೇಲೆ ಯಾರ ಚಿತ್ರ ಇದೆ ನೋಡು, ದೇವರದ್ದು, ಇವಳು ಯಾಕೆ ಕೈಸರನಿಗೆ ಹೋಗ್ಬೇಕು. ಆರ್ಡಿತ್ ಏನೂ ಅನ್ನಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು. ಅನ್ನದಿದ್ದುದನ್ನು ಅವನು ಒಪ್ಪಿಗೆ ಎಂದು ಎಣಿಸಿಕೊಂಡ, ಅರಸ ದಾವೀದ ಜನರನ್ನು ಎಣಿಸಿದ್ದಕ್ಕೆ ಎಪ್ಪತ್ತು ಸಾವಿರ ಮಂದಿ ಸತ್ತರಲ್ಲ, ಅದನ್ನೂ ಆಗ ಹೇಳಿದನೋ, ಆಮೇಲೆ ಹೇಳಿದನೋ, ನೆನಪಿಲ್ಲ.

ಸೌಟು ನಿಂತಿತ್ತು, ನೊರೆ ಅಂಚಿಗೆ ಬಂದಿತ್ತು, ಅವಳು ಕಣ್ಣಿನಲ್ಲೇ ತೋರಿಸಿದಳು, ಅವನು ಎಳೆದ. ನಿನಗೆ ಗೊತ್ತಲ್ಲ ನನ್ನ ನಂಬಿಕೆ, ಅಂದ. ಗೊತ್ತು ಅಂದಳು. ದಾವೀದನ ಕಥೆ ಗೊತ್ತಲ್ಲ. ಗೊತ್ತು ಅಪ್ಪಾ, ಬೆತ್ಲೆಹೇಮಿನ ಕಥೇನೂ ಗೊತ್ತು, ತುಂಬಿದ ಬಸುರಿಯನ್ನ ಕೂರಿಸ್ಕೊಂಡು ಯೋಸೇಫ ಅಷ್ಟು ದೂರ ಯಾಕೆ ಹೋದ, ಹೆಸರು ಬರೆಸೋಕೆ ತಾನೇ, ಕರ್ತ ಹುಟ್ಟಿದ್ದೇ ಆ ಸಾಲಲ್ಲಿ ನಿಂತವರ ನಡುವೆ. ಎಲ್ಲಿ ಕಲಿತಳು ಈ ಮಾತನ್ನು, ನೋಲಾ ಹೇಳಿಕೊಟ್ಟಿರಬೇಕು, ಇಲ್ಲ, ನೋಲಾಗೆ ಅಷ್ಟು ಬುದ್ಧಿಯಿಲ್ಲ, ಇದು ಅವನ ಅಡಿಗೆಮನೆಯ ಮೇಜಿನ ಮೇಲೆ ಅವನೇ ಓದು ಕಲಿಸಿದ ಹುಡುಗಿಯ ಮಾತು. ಯೋಸೇಫನ ಕತ್ತಿನ ಮೇಲೆ ಕತ್ತಿಯಿತ್ತು, ಅಂದ, ಅವನಿಗೆ ಬೇರೆ ದಾರಿ ಇರಲಿಲ್ಲ, ನಿನಗೆ ಇದೆ, ಇಲ್ಲಿಗೆ ವಾಪಸ್ ಬಾ, ಇಲ್ಲಿ ಯಾರೂ ನಿನ್ನ ಗುರುತಿನ ಚೀಟಿ ಕೇಳಲ್ಲ, ನೀನು ಯಾರ ಸ್ವತ್ತೂ ಅಲ್ಲ, ನಿನ್ನ ಮೇಲೆ ದೇವರ ಚಿತ್ರ ಇದೆ. ಹಬೆಯಲ್ಲಿ ತಿರ್ಜಾಳ ಮುಖ ಬಂದುಹೋಗಿ ಬಂದುಹೋಗಿ ಮಾಡಿತು. ಹಾಗಾದ್ರೆ ಅಪ್ಪಾ, ಅಂದಳು, ನಿನ್ನ ಚಿತ್ರಾನೂ ನನ್ನ ಮೇಲಿಲ್ಲ.

ಒಳ್ಳೆಯ ಏಟು. ಬೇರೆ ಯಾರಾದರೂ ಆಡಿದ್ದರೆ ಬೆನ್ನು ತಟ್ಟುತ್ತಿದ್ದ. ಕೈ ಕೊಡವಿ, ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದ — ಇಲ್ಲ, ನಾನು ನಿನ್ನ ಯಜಮಾನ ಅಲ್ಲ, ಅದಕ್ಕೇ ನೀನು ಹೋದಾಗ ಬೇಲಿ ಹಾಕ್ಲಿಲ್ಲ, ನಿನಗೆ ಬೇಕಾದ್ದು ಮಾಡು, ಹೋಗು, ಬರೆಸ್ಕೋ, ಆದ್ರೆ ನನ್ನ ಕೈ ನನ್ನದು, ಸಹಿ ನನ್ನದು, ಅದನ್ನ ನನ್ನಿಂದ ಯಾರೂ ವಸೂಲಿ ಮಾಡೋಕಾಗಲ್ಲ. ನಾನು ವಸೂಲಿ ಮಾಡೋಕೆ ಬಂದಿಲ್ಲ, ಕೇಳೋಕೆ ಬಂದಿದೀನಿ, ಅಂದಳು, ಅವಳ ದನಿ ಒಂದು ಮೆಟ್ಟಿಲು ಇಳಿದಿತ್ತು, ಬಿಡುಗಡೆ ಇರೋ ಜನ ಒಬ್ಬರನ್ನೊಬ್ಬರು ಕೇಳ್ತಾರೆ ಅಂತ ನೀನೇ ಹೇಳ್ತಿದ್ದೆ, ಕೇಳ್ತಿದೀನಿ, ಬಾಗಿಲು ತಟ್ಟಿದ ಹಾಗೇ ಅಂದ್ಕೋ, ದಯವಿಟ್ಟು. ದಯವಿಟ್ಟು ಎಂಬ ಮಾತು ಬಿದ್ದು ಇಬ್ಬರ ನಡುವೆ ಕುದಿಯಿತು. ಅವನು ಅದನ್ನು ಕುದಿಯಲು ಬಿಟ್ಟ. ಎರಡು ಸಲ ನೊರೆ ತೆಗೆದ. ಕೇಳೋ ಸ್ವಾತಂತ್ರ್ಯ ನಿಂದು, ಅಂದ ಕೊನೆಗೆ, ಇಲ್ಲ ಅನ್ನೋ ಸ್ವಾತಂತ್ರ್ಯ ನಂದು. ಎಷ್ಟು ಚೊಕ್ಕ ಬಂತು ಮಾತು, ತಕ್ಕಡಿಯ ಎರಡು ತಟ್ಟೆಯೂ ಸಮ, ಹೀಗೆ ಬಂದಾಗ ಅದು ಸತ್ಯವೇ ಇರಬೇಕು.

ಆರ್ಡಿತ್‌ಗೂ ಇದನ್ನೇ ಹೇಳಿದ್ದು. ಎದೆಯಲ್ಲಿ ಗಂಟು, ಬಟಾಣಿ ಕಾಳಿನಷ್ಟು, ಆಮೇಲೆ ವಾಲ್‌ನಟ್ ಕಾಯಿಯಷ್ಟು, ಕೂಟದವರು ಎಣ್ಣೆ ಹಚ್ಚಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಅವಳು ಒಂದು ದಿನ ಬಟ್ಟೆ ಮಡಚುತ್ತ ಪೇಟೆಯ ಆಸ್ಪತ್ರೆಗೆ ಒಮ್ಮೆ ತೋರಿಸೋಣ್ವಾ ಅಂದಳು. ಅಲ್ಲಿ ನಿನ್ನ ಹಳೇ ಸರ್ಕಾರಿ ನಂಬರು ಕೇಳ್ತಾರೆ, ಕಾಯಿಲೆ ಖರ್ಚನ್ನ ಬೇರೆಯವರ ಜೇಬಿಂದ ಕಿತ್ತು ಕೊಡ್ತಾರೆ, ಆ ಪಾಪಕ್ಕೆ ನಾನು ಗಾಡಿ ಓಡಿಸಲ್ಲ, ನೀನು ಹೋಗೋದಾದ್ರೆ ಹೋಗು, ನಾನು ತಡೆಯಲ್ಲ, ಅಂದ. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅವಳು ಕೂಟದ ದಿನ ಉಡುವ ಲಂಗ ಉಟ್ಟು, ಕೈಚೀಲ ಹಿಡಿದು, ಕಲ್ಲುದಾರಿಯಲ್ಲಿ ನಡೆದು ಗೇಟಿನಾಚೆ ಟಪಾಲು ಪೆಟ್ಟಿಗೆಯ ಕಂಬದ ಹತ್ತಿರ ನಿಂತಳು, ಯಾರಾದರೂ ಆ ದಾರಿಯಲ್ಲಿ ಬಂದಾರೆಂದು, ಮಧ್ಯಾಹ್ನವೆಲ್ಲ, ಯಾರೂ ಬರಲಿಲ್ಲ, ಆ ದಾರಿಯಲ್ಲಿ ಯಾರೂ ಬರುವುದಿಲ್ಲ, ಅವನು ಸೌದೆ ಒಡೆಯುತ್ತ ಅಲ್ಲಿಂದಲೇ ನೋಡುತ್ತಿದ್ದ, ಕಂಬಕ್ಕೆ ಒರಗಿದಳು, ಕೂತಳು, ಮತ್ತೆ ಎದ್ದಳು, ಐದು ಗಂಟೆಗೆ ಬಂದು ಲಂಗ ಬದಲಿಸಿ ಆಲೂಗಡ್ಡೆ ಹೆಚ್ಚಿದಳು. ಆ ರಾತ್ರಿ ಊಟಕ್ಕೆ ಮುಂಚೆ ಅವನು ಹೆಂಡತಿಗೆ ಒಳ್ಳೆಯ ಬುದ್ಧಿ ಕೊಟ್ಟದ್ದಕ್ಕೆ ದೇವರಿಗೆ ವಂದನೆ ಹೇಳಿದ, ಅವಳೂ ಆಮೆನ್ ಅಂದಳು, ತಿರ್ಜಾ ಮಾತ್ರ ಅನ್ನಲಿಲ್ಲ. ನವೆಂಬರಿನಲ್ಲಿ ಗುಡ್ಡದ ಮೇಲೆ ಓಕ್ ಮರದ ಕೆಳಗೆ ಅವನೇ ಅಗೆದ, ಅವನೇ ಪೆಟ್ಟಿಗೆ ಮಾಡಿದ, ಯಾರಿಗೂ ತಿಳಿಸಲಿಲ್ಲ, ಇವಳ ಪೆಟ್ಟಿಗೆಗೆ ಯಾರೂ ಬಿಲ್ಲೆ ಕಟ್ಟಲಾರರು. ಇಂದಿಗೂ ಆರ್ಡಿತ್ ಹೆಸರಿಗೆ ಸರ್ಕಾರದ ಟಪಾಲು ಬರುತ್ತದೆ, ಮತ ಹಾಕಲು ಬನ್ನಿ ಎಂದು ಕರೆಯುತ್ತಾರೆ, ಮೂರು ವರ್ಷದಿಂದ ಮಣ್ಣಿನಲ್ಲಿರುವವಳು ಅವರ ಪ್ರಕಾರ ಬದುಕಿದ್ದಾಳೆ, ಇಲ್ಲಿ ಹಬೆಯಾಚೆ ಉಸಿರಾಡುತ್ತಿರುವವಳು ಹುಟ್ಟಿಯೇ ಇಲ್ಲ, ಅವನು ಇದನ್ನು ಕ್ಲೆಟಸ್‌ಗೆ ತಮಾಷೆಯಾಗಿ ಹೇಳಿದ್ದ, ಕ್ಲೆಟಸ್ ನಗಲಿಲ್ಲ.

ಸರಿ, ಅಂದಳು ತಿರ್ಜಾ, ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು, ಸಹಿ ನಿಂದು, ಇಟ್ಕೋ, ಅಮ್ಮನ ವೇದಪುಸ್ತಕ ಕೊಡು. ಸೌಟು ಕೊಪ್ಪರಿಗೆಯ ಅಂಚಿಗೆ ತಗಲಿ ಟಣ್ ಅಂದಿತು. ಅದು ಅಮ್ಮನದು, ಅಮ್ಮನಿಗೆ ಅವರಮ್ಮ ಕೊಟ್ಟಿದ್ದು, ಪುಸ್ತಕ ತಿರ್ಜಾಗೆ ಅಂತ ಅಮ್ಮ ಸಾಯೋ ವಾರ ನಿನ್ನೆದುರಿಗೇ ಹೇಳಿದ್ಲು, ನೀನು ಹೂಂ ಅಂದೆ. ಅಂದಿದ್ದ. ಅಲ್ಲಗಳೆಯುವಂತಿಲ್ಲ. ಅದರ ನಡುವೆ ಮನೆತನದ ಹಾಳೆಯೊಂದಿದೆ, ಮದುವೆ, ಹುಟ್ಟು, ಸಾವು ಬರೆಯುವುದಕ್ಕೆಂದು ಅಚ್ಚು ಹಾಕಿಸಿದ ದಪ್ಪ ಹಾಳೆ, ಅದರಲ್ಲಿ ಇವಳ ಹುಟ್ಟಿದ ದಿನವಿದೆ, ಗಳಿಗೆಯಿದೆ, ಇಪ್ಪತ್ತೊಂದು ವರ್ಷದ ಹಳೆಯ ಶಾಯಿ, ಕಚೇರಿಯವರು ಅದನ್ನು ಒಪ್ಪುತ್ತಾರೆ, ಕೈಸರ ದೇವರ ಪುಸ್ತಕವನ್ನು ಸಾಕ್ಷಿಗೆ ಕರೆಯುತ್ತಾನೆ, ಎಂಥ ಕಾಲ. ಆದರೆ ಸ್ವತ್ತು ಸ್ವತ್ತೇ. ಒಬ್ಬರ ಸ್ವತ್ತನ್ನು ಇನ್ನೊಬ್ಬರು ಇಟ್ಟುಕೊಂಡರೆ ಅದು ಕಳವು, ಅವನು ಸರ್ಕಾರವನ್ನು ಬೈಯುವುದೇ ಇದಕ್ಕಾಗಿ, ಈಗ ಇಲ್ಲ ಅಂದರೆ ಅಪ್ಪನನ್ನು ಕುರ್ಚಿಸಮೇತ ಎತ್ತಿದ ಆ ನಾಲ್ವರಿಗೂ ತನಗೂ ಏನು ವ್ಯತ್ಯಾಸ — ಇಬ್ಬರಿಗೂ ಇದು ಗೊತ್ತು, ಅವನು ಕಲಿಸಿದ್ದನ್ನೇ ಹಗ್ಗ ಮಾಡಿ ಅವನ ಕೈ ಕಟ್ಟಿದ್ದಾಳೆ, ಜಾಣೆ. ತರ್ತೀನಿ, ಅಂದ. ಪಾಕ ಬಿಟ್ಟು ಹೋಗುವಂತಿಲ್ಲವಲ್ಲ ಎಂದು ನೋಡುವಷ್ಟರಲ್ಲಿ ಅವಳು ದಂಟಿನ ತುಂಡನ್ನು ಬದಿಗಿಟ್ಟು, ಅಂಗಿಯ ತೋಳು ಮಡಚಿ, ಅವನ ಕೈಯಿಂದ ಸೌಟು ತೆಗೆದುಕೊಂಡಳು, ಹೋಗು ನಾನು ನೋಡ್ಕೋತೀನಿ.

ಒಳಗೆ ಕತ್ತಲೆ, ಬಿಸಿಲಿನಿಂದ ಬಂದ ಕಣ್ಣಿಗೆ ಮೇಜು ಕುರ್ಚಿ ಒಂದೊಂದಾಗಿ ಮೂಡಿದವು. ಪುಸ್ತಕ ಹಾಸಿಗೆಯ ಪಕ್ಕದ ಪೆಟ್ಟಿಗೆಯ ಮೇಲೆ, ಕಪ್ಪು ಚರ್ಮ, ಬೆನ್ನು ಸವೆದಿದೆ. ಕಿಟಕಿಯಿಂದ ಅವಳು ಕಾಣುತ್ತಾಳೆ, ಸೌಟನ್ನು ಎಳೆದು, ಕೊಡವಿ, ಎಳೆದು, ತಾಳ ತಪ್ಪದೆ, ಬೆಂಕಿ ಹೆಚ್ಚಾಯಿತೆಂದು ಬಾಗಿ ಒಂದು ಕೊರಡನ್ನು ಹಿಂದಕ್ಕೆ ಸರಿಸಿದಳು, ಎಷ್ಟು ಚೆನ್ನಾಗಿ ಮಾಡುತ್ತಾಳೆ, ಅವನಿಗಿಂತ ಚೆನ್ನಾಗಿ. ಪುಸ್ತಕ ಅವಳದು, ಸರಿ. ಕಾಗದ, ಚರ್ಮ, ಅಚ್ಚಾದ ಅಕ್ಷರ, ಎಲ್ಲ ಅವಳದು. ಆದರೆ ಕೈಬರಹ? ಬರೆದದ್ದು ಬರೆದವನದು, ನನ್ನ ಕೈ, ನನ್ನ ಶ್ರಮ, ನನ್ನ ಶಾಯಿ, ಅದನ್ನು ನಾನು ಯಾರಿಗೂ ಕೊಟ್ಟಿಲ್ಲ, ಪುಸ್ತಕ ಕೊಡುತ್ತೇನೆ, ನನ್ನ ಬರಹ ಇಟ್ಟುಕೊಳ್ಳುತ್ತೇನೆ, ಇದರಲ್ಲಿ ಕಳವೆಲ್ಲಿ ಬಂತು — ಕಿಸೆಯಿಂದ ಚೂರಿ ತೆಗೆದು ಬಿಡಿಸಿದ್ದ, ಯಾವಾಗ ಬಿಡಿಸಿದನೋ. ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಮುಂಚೆ ಆ ಹಾಳೆ, ತಾನಾಗಿ ತೆರೆದುಕೊಂಡಿತು, ಅಲ್ಲೇ ಎಷ್ಟೋ ಸಲ ತೆರೆದಂತೆ. ಬರಹ ಅವನದಲ್ಲ. ಸಣ್ಣ, ಬಲಕ್ಕೆ ವಾಲಿದ ಅಕ್ಷರ. ಆರ್ಡಿತ್‌ಳದು. ತಾನೇ ಬರೆದೆನೆಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ, ಲೇಖನಿ ಅದ್ದಿದ್ದು, ಊದಿ ಒಣಗಿಸಿದ್ದು ಸಹ ನೆನಪಿದೆ, ಅದೆಲ್ಲ ಎಲ್ಲಿಂದ ಬಂತು. ತಿರ್ಜಾ, ಹೆಣ್ಣು, ಮಾರ್ಚ್ ಇಪ್ಪತ್ತೆಂಟು, ಬೆಳಗಿನ ಜಾವ ನಾಲ್ಕೂ ಹತ್ತು, ಕೆಳಗೆ ಇನ್ನೊಂದು ಸಾಲು, ಅದೇ ಕೈ, ಬೇರೆ ಶಾಯಿ, ಆಮೇಲೆ ಯಾವಾಗಲೋ ಬರೆದದ್ದು: ಇದು ನಿಜವೆಂದು ಅವಳನ್ನು ಹೆತ್ತ ನಾನು ದೇವರ ಮುಂದೆ ಹೇಳುತ್ತೇನೆ. ಹೆಸರು. ಸಹಿ. ತಾರೀಖು ಅವಳು ಕಂಬದ ಹತ್ತಿರ ನಿಂತು ಬಂದ ಮಾರನೆಯ ದಿನದ್ದು. ಆಗಲೇ ಗೊತ್ತಿತ್ತು ಅವಳಿಗೆ, ಇಂಥದೊಂದು ದಿನ ಬರುವುದೆಂದು, ಗಂಡ ಏನು ಮಾಡುವನೆಂದು, ಆಮೆನ್ ಅಂದು ಆಲೂಗಡ್ಡೆ ಹೆಚ್ಚಿ ಮರುದಿನ ಬೆಳಗ್ಗೆ ಇದನ್ನು ಬರೆದಿಟ್ಟಳು. ಹಾಗಾದರೆ ಇದು ನನ್ನದಲ್ಲ, ಎಂದು ಅವನು ಪೂರ್ತಿಯಾಗಿ, ಸ್ಪಷ್ಟವಾಗಿ ಯೋಚಿಸಿದ, ಯಾವ ಲೆಕ್ಕದಿಂದಲೂ ನನ್ನದಲ್ಲ. ಹೊರಗೆ ಹೇಸರಗತ್ತೆ ಕೂಗಿತು. ಚೂರಿಯನ್ನು ಹೊಲಿಗೆಯ ಹತ್ತಿರ ಇಟ್ಟು ಮೇಲಿನಿಂದ ಕೆಳಕ್ಕೆ ಎಳೆದ, ಒಳ್ಳೆಯ ಚೂರಿ, ನಿನ್ನೆಯೇ ಮಸೆದದ್ದು, ಸದ್ದೇ ಇಲ್ಲ.

ಹಾಳೆಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೊರಗೆ ಬಂದಾಗ ಕೊಪ್ಪರಿಗೆ ಕನ್ನಡಿಯಂತೆ ತಿಳಿಯಾಗಿತ್ತು, ಒಂದು ಗುಳ್ಳೆ ಕೊಳೆಯಿಲ್ಲ, ಜೇನಿನ ಬಣ್ಣ, ಇನ್ನು ಕಾಲು ತಾಸು ಅಂದಳು ಅವಳು, ಸೌಟು ಕೊಟ್ಟಳು, ಎರಡೂ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಹೋಗುವಳೆಂದುಕೊಂಡ. ವ್ಯಾನಿನಲ್ಲಿ ಕೂತು ನೋಡಲಿ, ಪೇಟೆಯಲ್ಲಿ ನೋಡಲಿ. ಅವಳು ಅಲ್ಲೇ ತೆರೆದಳು, ಪುಸ್ತಕವೂ ಅಲ್ಲೇ ತೆರೆದುಕೊಂಡಿತು, ಅಂಗುಲದ ಕಾಲುಭಾಗದಷ್ಟು ಬಿಳಿ ಅಂಚು, ಹೊಸದಾಗಿ ಕತ್ತರಿಸಿದ ಅಂಚು ಬಿಸಿಲಿಗೆ ಹೊಳೆಯಿತು, ಅವಳು ಅದರ ಮೇಲೆ ಬೆರಳಾಡಿಸಿದಳು, ಮೇಲಿನಿಂದ ಕೆಳಕ್ಕೆ, ಚೂರಿ ಹೋದ ದಾರಿಯಲ್ಲೇ. ಪುಸ್ತಕ ನಿಂದು, ಅಂದ ಅವನು, ಬರಹ ನಂದು. ಅಂದಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಕೇಳಿಸಿತು. ಅದು ಅಮ್ಮನ ಕೈ, ಅಂದಳು ತಿರ್ಜಾ, ಕೂಗಲಿಲ್ಲ, ಅಮ್ಮ ನನಗೆ ತೋರಿಸಿದ್ಲು, ದೂರದಿಂದ, ನನ್ನ ಹೆಸರನ್ನ ಮಾತ್ರ, ಮಿಕ್ಕಿದ್ದನ್ನ ಕೈಯಲ್ಲಿ ಮುಚ್ಚಿಟ್ಕೊಂಡು, ನೀನು ಬೈತೀಯ ಅಂತ. ಹುಟ್ಟುಹಬ್ಬ ಅನ್ಯರ ಪದ್ಧತಿ, ವೇದಪುಸ್ತಕದಲ್ಲಿ ಅದನ್ನು ಮಾಡಿದವರು ಫರೋಹ, ಹೆರೋದ ಎಂಬ ಅರಸರು, ಎರಡು ಸಲವೂ ತಲೆ ಉರುಳಿತು, ಆದ್ದರಿಂದ ಈ ಮನೆಯಲ್ಲಿ ಯಾರಿಗೂ ತಾರೀಖು ಹೇಳುತ್ತಿರಲಿಲ್ಲ, ಕೆಂಪುಮೊಗ್ಗಿನ ಮರ ಹೂಬಿಡೋ ಹೊತ್ತಿಗೆ ಹುಟ್ಟಿದೆ ಎನ್ನುತ್ತಿದ್ದರು, ಅಷ್ಟೇ. ಕಣ್ಣಲ್ಲಿ ನೀರು ಬರುವುದೆಂದು ಅವನು ಕಾದ, ಬಂದಿದ್ದರೆ ಏನಾದರೂ ಮಾಡುತ್ತಿದ್ದನೇನೋ, ಹೌದು, ಅಂಗಿಯೊಳಗೆ ಕೈ ಹಾಕುತ್ತಿದ್ದನೇನೋ, ಅವಳು ಅಳಲಿಲ್ಲ, ಪುಸ್ತಕ ಮುಚ್ಚಿದಳು. ಸಹಿ ಬೇಡ, ಹಾಳೆನೂ ಬೇಡ, ಅಂದಳು, ದಿನ ಯಾವ್ದು ಹೇಳು, ನಾನು ಹುಟ್ಟಿದ ದಿನ, ಅದನ್ನ ಯಾರಿಗೂ ತೋರಿಸಲ್ಲ, ಅದರಿಂದ ಏನೂ ಆಗಲ್ಲ, ನನಗೆ ಸುಮ್ನೆ ಗೊತ್ತಿರ್ಲಿ. ಮಾರ್ಚ್ ಇಪ್ಪತ್ತೆಂಟು, ನಾಲ್ಕೂ ಹತ್ತು, ಮಗು ಎಲ್ಲಿ ಅಳುವುದಿಲ್ಲವೋ ಎಂದು ಅವನೇ ಹೆದರಿದ್ದ, ಸೂಲಗಿತ್ತಿ ಕಾಲು ಹಿಡಿದು ಅಂಗಾಲಿಗೆ ತಟ್ಟಿದಳು, ಆಮೇಲೆ ಆ ಸದ್ದು — ನಾಲಿಗೆಯ ತುದಿಗೆ ಬಂದಿತ್ತು, ಹಲ್ಲಿಗೆ ತಾಗಿತ್ತು, ಎರಡೇ ಶಬ್ದ, ಕೊಟ್ಟರೆ ಅವನದೇನೂ ಕಳೆಯುವುದಿಲ್ಲ, ಯಾರೂ ಅವನನ್ನು ಒತ್ತಾಯಿಸುತ್ತಿಲ್ಲ, ಪೂರ್ತಿ ಅವನಿಷ್ಟ. ದೇವರಿಗೆ ಗೊತ್ತು, ಅಂದ, ಅಷ್ಟು ಸಾಕು.

ಅವಳು ಹೋದಳು. ಪುಸ್ತಕವನ್ನು ಎದೆಗೆ ಅವಚಿಕೊಂಡು, ಎಡಗಾಲು ಚೂರು ಹೊರಕ್ಕೆ ಚೆಲ್ಲುತ್ತ, ಕಲ್ಲುದಾರಿಯಲ್ಲಿ, ತಿರುಗಿ ನೋಡದೆ, ಗೇಟನ್ನು ಎಳೆದು ಕೊಂಡಿ ಹಾಕಿದಳು ಸಹ, ಚೆನ್ನಾಗಿ ಬೆಳೆದ ಹುಡುಗಿ, ವ್ಯಾನು ಧೂಳೆಬ್ಬಿಸಿ ತಿರುಗಿತು. ಅವನು ಒಲೆಯ ಬಾಯಿಯ ಮುಂದೆ ಕುಕ್ಕುರು ಕೂತ, ಅಂಗಿಯೊಳಗಿಂದ ಹಾಳೆ ತೆಗೆದ, ಬೆವರಿಗೆ ಮೆತ್ತಗಾಗಿತ್ತು, ನೋಡದೆ ಒಳಗೆ ತಳ್ಳಿದ, ಅಷ್ಟೇ, ಮುಗಿಯಿತು, ಇನ್ನು ಅವಳನ್ನು ಯಾರೂ ಎಣಿಸಲಾರರು, ಯಾವ ಕಣಿವೆಯಿಂದಲೂ ಯಾವ ನಾಲ್ವರೂ ಬಂದು — ಹಾಳೆ ಮಡಿಕೆ ಬಿಚ್ಚಿಕೊಂಡು ಎದ್ದು ನಿಂತಿತು, ಬಿಸಿಗೆ ಮುದುಡಲಿಲ್ಲ, ಹಳೇ ಕಾಲದ ದಪ್ಪ ಕಾಗದ, ಉರಿ ಅದರ ಸುತ್ತ ಹತ್ತಿ ಆರಿತು, ಪೂರ್ತಿ ಕಪ್ಪಾಯಿತು, ಕಪ್ಪಾದ ಮೇಲೆ ಅಕ್ಷರ ಬೆಳ್ಳಗೆ ಮೂಡಿದವು, ಸಣ್ಣ, ಬಲಕ್ಕೆ ವಾಲಿದ ಅಕ್ಷರ, ಶಾಯಿಯಲ್ಲಿ ಏನಿತ್ತೋ, ಬರೆದಾಗ ಇದ್ದುದಕ್ಕಿಂತ ಸ್ಪಷ್ಟವಾಗಿ, ತಿರ್ಜಾ. ಈಗ ಉದುರುತ್ತದೆ. ಬೂದಿ ತಾನೇ, ಗಾಳಿ ತಾಗಿದರೆ ಉದುರುತ್ತದೆ. ಮೇಲೆ ಎಲ್ಲೋ ಸುಟ್ಟ ವಾಸನೆ, ಕಹಿ, ತಳ ಹಿಡಿಯುತ್ತಿದೆ, ಏಳಬೇಕು, ಸೌಟು ಎಲ್ಲಿ, ಕೊಪ್ಪರಿಗೆ ಬುಳಬುಳ ಎನ್ನುವುದನ್ನು ನಿಲ್ಲಿಸಿ ಪಟಪಟ ಎನ್ನುತ್ತಿದೆ, ಹೊಗೆ ಅಂಚಿನಿಂದ ಇಳಿದು ಅವನ ಕುತ್ತಿಗೆಯ ಮೇಲೆ ಬಂತು, ಏಳುತ್ತೇನೆ, ಇದೊಂದು ಉದುರಲಿ, ಕಡ್ಡಿಯಿಂದ ಒಂದು ಸಲ ತಾಗಿಸಿದರೆ ಸಾಕು, ಕಡ್ಡಿ ಕೈಯಲ್ಲೇ ಇದೆ, ಕೈ ಹೋಗುವುದಿಲ್ಲ, ಕೈ ಅವನದು, ಹೋಗುವುದಿಲ್ಲ, ಕಪ್ಪಿನ ಮೇಲೆ ಬೆಳ್ಳಗೆ ತಿರ್ಜಾ, ಕೆಂಡದ ನಡುವೆ ನೆಟ್ಟಗೆ, ಉದುರದೆ, ಇನ್ನೂ ಉದುರದೆ, ತಿರ್ಜಾ, ಕಪ್ಪಿನ ಮೇಲೆ ಬೆಳ್ಳಗೆ